ಒಂಬತ್ತು ಬೆಳಗಿನ ಕೆಲಸ

ಮನೆಯಿಂದ, ಅಡುಗೆಮನೆಯ ಮೇಜು
ಮಾರ್ಚ್ ೨೭, ಗುರುವಾರ ಬೆಳಿಗ್ಗೆ

ಮನೆಯೊಡತಿಗೆ,

ಮಗಳು ಹೇಗಿದ್ದಾಳೆ? ರಕ್ತದೊತ್ತಡ ಇಳಿಯಿತೇ? ಕೂಸಿಗೆ ಇವತ್ತಿಗೆ ಹನ್ನೆರಡು ದಿನ. ಫೋನಿನಲ್ಲಿ ಅದರ ಅಳು ಕೇಳಿದಾಗಲೆಲ್ಲ ಗಂಟಲು ನಿನ್ನ ಕಡೆಯದು ಎಂದು ನನಗೆ ಖಾತ್ರಿಯಾಗುತ್ತದೆ. ನಿನ್ನ ಮಂಡಿನೋವು ಯಾವ ಹಂತದಲ್ಲಿದೆ? ಮೂರನೇ ಮಹಡಿ, ವಾರಕ್ಕೆರಡು ಸಲ ಕೆಡುವ ಲಿಫ್ಟು, ಎರಡೂ ನನಗೆ ನೆನಪಿವೆ. ಕೂಸಿನ ಬಟ್ಟೆ ಒಗೆಯುವ ನೆಪದಲ್ಲಿ ಬಕೆಟ್ಟು ಹೊತ್ತು ತಾರಸಿ ಹತ್ತಬೇಡ, ಆ ಕೆಲಸಕ್ಕೆ ಅಳಿಯ ಇದ್ದಾನೆ. ಅವನ ತೋಳು ಬರೀ ಗಡಿಯಾರ ಕಟ್ಟಲಿಕ್ಕೆ ಇರುವುದಲ್ಲ.

ಈಗ ಕೂತುಕೊಂಡು ಓದು. ನಿನ್ನ ತಮ್ಮ ಬದುಕಿದ್ದಾನೆ. ನಾನು ಬರೆಯುತ್ತಿರುವ ಈ ಮೇಜಿನ ಇನ್ನೊಂದು ಬದಿಯಲ್ಲಿ ಕೂತು, ಚಹಾದಲ್ಲಿ ಬಿಸ್ಕತ್ತು ಅದ್ದಿ, ಅದು ಮುರಿದು ಬಿದ್ದುದಕ್ಕೆ ಬಿಸ್ಕತ್ತಿನ ಕಂಪನಿಯನ್ನು ಬೈಯುತ್ತಿದ್ದಾನೆ. ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ ಮುಂದಿನದನ್ನು ಓದುವಾಗ ನಿನ್ನ ಕೈಯಲ್ಲಿ ಕೂಸಿರಬಾರದು, ಎದೆಯಲ್ಲಿ ಧೈರ್ಯವಿರಬೇಕು.

ಒಟ್ಟು ಏನೇನು ಹೋಯಿತು ಎಂಬುದನ್ನು ಬರೆದುಬಿಡುತ್ತೇನೆ, ಆಮೇಲೆ ಹೇಗೆ ಹೋಯಿತು ಎಂಬುದು. ಆಸ್ಪತ್ರೆಯಲ್ಲಿ ಹನ್ನೆರಡು ದಿನ, ಅದರಲ್ಲಿ ನಾಲ್ಕು ದಿನ ಅವನ ಉಸಿರನ್ನು ಅವನು ಆಡಲಿಲ್ಲ, ಯಂತ್ರ ಆಡಿತು. ಅವನ ಮೈಯಿಂದ ಒಂಬತ್ತು ಕೆ.ಜಿ. ಸುಟ್ಟು ಹಾಕಿದ ಜೇನುಪೆಟ್ಟಿಗೆ ಇಪ್ಪತ್ತೆರಡು. ಪೆಟ್ಟಿಗೆ ಇಡಲು ನಮಗೆ ಬಾಯಿಮಾತು ಕೊಟ್ಟಿದ್ದ ಐದು ಹಣ್ಣಿನ ತೋಟಗಳಲ್ಲಿ ಎರಡು. ಬೇಕರಿಯವನು ಒಯ್ಯುತ್ತಿದ್ದ ಇಡೀ ವರ್ಷದ ಜೇನು. ಒಂದು ಮೀಸೆ. ನಾನು ನಿನಗೆ ಫೋನಿನಲ್ಲಿ ಹೇಳಿದ ಸುಳ್ಳುಗಳು, ಎಣಿಸಿ ನೋಡಿದೆ, ಹದಿನಾಲ್ಕು. ದುಡ್ಡಿನದು ಬೇರೆ ಚೀಟಿಯಲ್ಲಿದೆ, ಡಬ್ಬದಲ್ಲಿ ಇಟ್ಟಿದ್ದೇನೆ, ಬಂದಾಗ ನೋಡುವಿಯಂತೆ. ಇಡೀ ಪಟ್ಟಿಯಲ್ಲಿ ಅಗ್ಗಕ್ಕೆ ಹೋದದ್ದು ಅದೊಂದೇ.

ಸುಳ್ಳಿನ ಮಾತು ಬಂತಲ್ಲ, ಅದನ್ನು ಒಪ್ಪಿಸಿಬಿಡುತ್ತೇನೆ. ನೀನು ಕೇಳಿದಾಗಲೆಲ್ಲ ಅವನು ತೋಟಕ್ಕೆ ಹೋಗಿದ್ದಾನೆ ಎಂದೆ. ಒಂದು ದಿನ ಬೆಟ್ಟದ ಬುಡದ ತೋಟ, ಇನ್ನೊಂದು ದಿನ ಹೊಳೆಯಾಚೆಯದು, ಮತ್ತೊಂದು ದಿನ ನಾನೇ ಆಗಷ್ಟೇ ಕಟ್ಟಿದ್ದು. ನೀನು ಎಲ್ಲ ಕೇಳಿಕೊಂಡು ಕೊನೆಗೆ, "ಅಷ್ಟೊಂದು ತೋಟ ನಮಗೆ ಯಾವಾಗ ಬಂತು ರೀ?" ಎಂದೆಯಲ್ಲ, ಆಗ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೆ. ಸಿಗ್ನಲ್ ಇಲ್ಲ ಎಂದು ಫೋನು ಇಟ್ಟೆ. ಅದು ಹನ್ನೊಂದನೆಯದು. ಮಗಳ ಡಾಕ್ಟರು ಅವಳ ಕಿವಿಗೆ ಕೆಟ್ಟ ಸುದ್ದಿ ಬೀಳಬಾರದು ಎಂದಿದ್ದರು. ನಿನ್ನ ಮುಖ ನೋಡಿದರೆ ಸಾಕು, ಅವಳು ಸುದ್ದಿಯನ್ನು ಅಕ್ಷರ ಬಿಡದೆ ಓದುತ್ತಾಳೆ. ಅದಕ್ಕೆ ನಿನಗೂ ಹೇಳಲಿಲ್ಲ. ಈಗಲೂ ಫೋನು ಮಾಡದೆ ಕಾಗದ ಬರೆಯುತ್ತಿರುವುದು ಯಾಕೆಂದರೆ, ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ನಾಲ್ಕು ಕೇಳುತ್ತೀಯ. ಕಾಗದದ ಮೇಲೆ ನೀನು ನನ್ನನ್ನು ತಡೆಯಲಾರೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಪೂರ್ತಿ ಮಾತಾಡುತ್ತಿದ್ದೇನೆ.

ನೀನು ಮಗಳ ಮನೆಗೆ ಹೊರಟದ್ದು ಜನವರಿ ಇಪ್ಪತ್ತಕ್ಕೆ. ಹೊರಡುವಾಗ ಬಾಗಿಲಲ್ಲಿ ನಿಂತು ಎರಡು ಮಾತು ಹೇಳಿದೆ: ಗ್ಯಾಸು ಬಂದ್ ಆಗುವಂತೆ ತಿರುಗಿಸಿ ಮಲಗಿ, ಖಾಲಿ ಪೆಟ್ಟಿಗೆಗಳನ್ನು ನಾನು ಮಾಡುವ ಹಾಗೆಯೇ ಮಾಡಿ. ಗ್ಯಾಸು ದಿನಾ ತಿರುಗಿಸಿದೆ.

ಚಳಿಗಾಲಕ್ಕೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಪೇರಿಸಿಟ್ಟ ಅರವತ್ತೆರಡು ಖಾಲಿ ಪೆಟ್ಟಿಗೆಗಳನ್ನು ನೀನು ಪ್ರತಿ ವರ್ಷ ಹೇಗೆ ಶುಚಿ ಮಾಡುತ್ತಿದ್ದೆ ಎಂಬುದನ್ನು ನಾನು ಹದಿನೆಂಟು ವರ್ಷ ಕಿಟಕಿಯಿಂದ ನೋಡಿದ್ದೇನೆ. ಬೆಳಕು ಹರಿಯುತ್ತಲೇ ಶೆಡ್ಡಿನ ಬಾಗಿಲು, ಎರಡು ಕಿಟಕಿ ಎಲ್ಲವನ್ನೂ ತೆರೆದಿಟ್ಟು ಒಳಗೆ ಬಂದು ಚಹಾ ಕುಡಿಯುತ್ತಿದ್ದೆ. ಅರ್ಧ ಗಂಟೆ ಬಿಟ್ಟು ಏಳೆಂಟು ಪೆಟ್ಟಿಗೆಗಳನ್ನು ಅಂಗಳಕ್ಕೆ ತಂದು, ಬ್ಲೀಚಿಂಗ್ ಪುಡಿ ಕಲಸಿದ ನೀರನ್ನು ಗಿಡಕ್ಕೆ ಹೊಡೆಯುವ ಪಂಪಿನಿಂದ ನೆನೆಯುವಂತೆ ಹೊಡೆದು, ಅವು ತೊಟ್ಟಿಕ್ಕುತ್ತಿರುವಾಗ ಮತ್ತೆ ಬಂದು ತಿಂಡಿ ಮಾಡುತ್ತಿದ್ದೆ. ಆಮೇಲೆ ರಬ್ಬರಿನ ಕೈಗವಸು ಹಾಕಿ, ಒದ್ದೆ ಬಟ್ಟೆಯಲ್ಲಿ ಒಳಗಿನದನ್ನೆಲ್ಲ ಬಾಚಿ ತೆಗೆದು, ಚೀಲ ಕಟ್ಟಿ, ಪೆಟ್ಟಿಗೆಗಳನ್ನು ಬಿಸಿಲಿಗೆ ಬೋರಲು ಹಾಕುತ್ತಿದ್ದೆ. ಜೇನುಹುಳು ಚಳಿಗೆ ಹಾರದ ಹೊತ್ತಿನಲ್ಲೇ ಎಲ್ಲ ಮುಗಿಯಬೇಕು, ಆದ್ದರಿಂದ ದಿನಕ್ಕೆ ಎರಡೇ ಗಂಟೆ. ಒಟ್ಟು ಒಂಬತ್ತು ಬೆಳಗು. "ಇಷ್ಟೊಂದು ಆಡಂಬರ ಯಾಕೆ?" ಎಂದು ಕೇಳಿದರೆ, "ಇಲಿ ಉಚ್ಚೆಯ ವಾಸನೆ ನನಗೆ ಆಗಲ್ಲ" ಎನ್ನುತ್ತಿದ್ದೆ. ಅಷ್ಟೇ ಕಾರಣ. ನಾನು ಮೂಗು ಮುರಿದು, ಮರ ನೀರು ಕುಡಿದರೆ ಉಬ್ಬುತ್ತದೆ, ಚೌಕಟ್ಟು ಸೆಟೆಯುತ್ತದೆ ಎಂದು ಒಳಗೊಳಗೇ ನಷ್ಟ ಎಣಿಸುತ್ತಿದ್ದೆ.

ಈ ವರ್ಷ ನೀನಿಲ್ಲ, ಯಜಮಾನಿಕೆ ಪೂರಾ ನನ್ನದು. ಫೆಬ್ರವರಿ ಮೂರರಂದು ನಿನ್ನ ತಮ್ಮನನ್ನು ಕರೆದು ನನ್ನ ಪದ್ಧತಿ ವಿವರಿಸಿದೆ. ನೀರಿಲ್ಲ, ಒಣ ಕೆಲಸ. ಬೆಳಗಿನ ಎರಡು ಗಂಟೆಯಲ್ಲ, ಇಡೀ ದಿನ. ಇಡೀ ದಿನ ಎಂದರೆ ಬಿಸಿಲೇರುತ್ತದೆ, ಹುಳು ಹಾರುತ್ತವೆ. ಹೂವಿಲ್ಲದ ಕಾಲದಲ್ಲಿ ಹಳೆಯ ಜೇನುಎರಿಯ ಮೇಣದ ವಾಸನೆ ಗಾಳಿಗೆ ಸಿಕ್ಕಿದರೆ ಸುತ್ತಲಿನ ಹುಳುವೆಲ್ಲ ಲೂಟಿಗೆ ಬಂದು ಒಂದಕ್ಕೊಂದು ಕಚ್ಚಾಡಿ ಸಾಯುತ್ತವೆ, ನಿನಗೆ ಗೊತ್ತಿರುವುದೇ. ಆದ್ದರಿಂದ ಬಾಗಿಲು ಭದ್ರ, ಕಿಟಕಿ ಭದ್ರ, ತಗಡಿನ ಸಂದಿಗೆಲ್ಲ ಗೋಣಿ ತುರುಕಿದ್ದು. ಒಳಗೆ ಧೂಳಾಗುತ್ತದೆ ಎಂದ ಅವನು. ಮುಖಪರದೆ ಹಾಕಿಕೋ ಎಂದೆ. ಹಾಕಿಕೊಂಡ. ಜೇನುಹುಳುವನ್ನು ತಡೆಯುವ ಬಲೆ! ಅದರ ಕಣ್ಣಿನಲ್ಲಿ ಸಾಸಿವೆ ಕಾಳು ಸುಲಭವಾಗಿ ತೂರುತ್ತದೆ. ಹದಿನೆಂಟು ವರ್ಷ ಆ ಪರದೆ ಹಾಕಿ ಹಾಕಿ, ಅದು ಮುಖದ ಮುಂದೆ ಇದ್ದರೆ ಜಗತ್ತಿನ ಯಾವುದೂ ಒಳಗೆ ಬರುವುದಿಲ್ಲ ಎಂದು ನಾವಿಬ್ಬರೂ ನಂಬಿಬಿಟ್ಟಿದ್ದೆವು.

ಅವನು ಒಳಗೆ, ನಾನು ಹೊರಗೆ. ಕಿಟಕಿಯ ಕೆಳಗಿನ ಕಿಂಡಿಯಿಂದ ಅವನು ಕೆರೆದ ಪೆಟ್ಟಿಗೆ ತಳ್ಳುವುದು, ನಾನು ಮುಚ್ಚಳದ ಮೇಲೆ ನಂಬರು ಬರೆದು ಸಾಲಾಗಿ ಇಡುವುದು. ಒಳಗಿನಿಂದ ಉಳಿಯ ಕರಕರ, ಪೊರಕೆಯ ಸದ್ದು, ಜೊತೆಗೆ ಅವನ ಮಾತು. "ಭಾವ, ಇಲ್ಲಿ ಬಾಡಿಗೆ ಕೊಡದೆ ಸಂಸಾರ ಹೂಡಿದ್ದಾರೆ. ಖಾಲಿ ಮಾಡಿಸಲಾ?" "ಎಷ್ಟು ಮನೆಯಪ್ಪ?" "ಎರಡು ಪೆಟ್ಟಿಗೆಗೆ ಒಂದು. ಎರಿ ಕಡಿದು ಹಾಸಿಗೆ ಮಾಡಿಕೊಂಡಿದ್ದಾರೆ. ನಮ್ಮನೆ ಹಾಸಿಗೆಗಿಂತ ಮೆತ್ತಗಿದೆ." "ಹಾಗಾದ್ರೆ ನೀನೇ ಅಲ್ಲಿ ಮಲಕ್ಕೋ, ಅವರನ್ನ ಇಲ್ಲಿ ಕಳಿಸು, ಅವರಾದ್ರೂ ಬೇಗ ಏಳ್ತಾರೆ." ಹೀಗೆ ಮೂರು ದಿನ ನಗುನಗುತ್ತ ಕೆಲಸ ಮಾಡಿದೆವು. ಸಂಜೆ ಹೊರಗೆ ಬಂದು ಪರದೆ ಎತ್ತಿದರೆ, ಅವನ ಆ ದೊಡ್ಡ ಮೀಸೆ ಹಿಟ್ಟಿನ ಗಿರಣಿಯವನದಂತೆ ಬೆಳ್ಳಗಾಗಿರುತ್ತಿತ್ತು. "ಮುದುಕನಾಗಿಬಿಟ್ಟೆ ಭಾವ, ಇನ್ನು ಹೆಣ್ಣು ಸಿಗಲ್ಲ" ಎಂದು ಜಾಡಿಸಿಕೊಳ್ಳುತ್ತಿದ್ದ. ಊರಿನವರೆಲ್ಲ ಅವನನ್ನು ಮೀಸೆ ಎಂದೇ ಕರೆಯುವುದು, ಆ ಮೀಸೆಯ ತುಂಬ ಇಲಿಯ ಹಿಕ್ಕೆಯ ಪುಡಿ. ಮೂರನೇ ಸಂಜೆಗೆ ಅರವತ್ತೆರಡೂ ಮುಗಿದವು. ಒಂಬತ್ತು ದಿನದ ಕೆಲಸ ಮೂರು ದಿನಕ್ಕೆ, ಆರು ದಿನ ಉಳಿತಾಯ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ನೀನು ಬಂದ ಕೂಡಲೇ ಹೇಳಿ ಕೆಣಕಬೇಕೆಂದು ಮಾತನ್ನು ಜೋಡಿಸಿಯೂ ಇಟ್ಟಿದ್ದೆ.

ಆಮೇಲೆ ಇಪ್ಪತ್ತು ದಿನ ಏನೂ ಇಲ್ಲ. ಗಟ್ಟಿಯಾಗಿದ್ದ ನಲವತ್ತು ಪೆಟ್ಟಿಗೆಗಳು ತೋಟಗಳಿಗೆ ಹೋದವು. ಫೆಬ್ರವರಿ ಇಪ್ಪತ್ತೈದಕ್ಕೆ ಅವನಿಗೆ ಜ್ವರ ಬಂತು. ಜ್ವರಕ್ಕಿಂತ ಹೆಚ್ಚಾಗಿ ತೊಡೆ, ಸೊಂಟ, ಬೆನ್ನು ಯಾರೋ ದೊಣ್ಣೆಯಲ್ಲಿ ಜಜ್ಜಿದಂತೆ ನೋವು ಎಂದ. "ಪೆಟ್ಟಿಗೆ ಹೊತ್ತರೆ ತೊಡೆ ನೋಯದೆ ಕಿವಿ ನೋಯುತ್ತಾ?" ಎಂದೆ. ಮಾತ್ರೆ ಕೊಟ್ಟೆ, ಸೂಪು ಮಾಡಿ ಕೊಟ್ಟೆ. ನನ್ನ ಸೂಪು ಕುಡಿದು ಜ್ವರ ಹೆಚ್ಚಾಯಿತು ಎಂದು ಅವನು ಇವತ್ತಿಗೂ ಸಾಧಿಸುತ್ತಾನೆ. ನೆಗಡಿಯಿಲ್ಲ, ಮೂಗು ಸೋರುವುದಿಲ್ಲ, ಬರೀ ಜ್ವರ, ನೋವು, ಹೊಟ್ಟೆ ತೊಳಸು. ಮೂರು ವಾರದ ಹಿಂದೆ ಗುಡಿಸಿದ ಶೆಡ್ಡಿಗೂ ಇವತ್ತಿನ ಜ್ವರಕ್ಕೂ ಸಂಬಂಧವಿದೆ ಎಂದು ಯಾರಿಗಾದರೂ ಹೊಳೆಯುತ್ತದೆಯೇ? ನನಗೆ ಹೊಳೆಯಲಿಲ್ಲ. ಐದನೇ ದಿನ ಬೆಳಿಗ್ಗೆ ಬಚ್ಚಲಿಗೆ ಹೋಗಿ ಬರುವುದರಲ್ಲಿ ಎರಡು ಸಲ ಗೋಡೆ ಹಿಡಿದು ನಿಂತ. ಕೆಮ್ಮು ಶುರುವಾಗಿತ್ತು. ಗಾಡಿಯಲ್ಲಿ ಕೂರಿಸಿಕೊಂಡು ಪೇಟೆಯ ಆಸ್ಪತ್ರೆಗೆ ಹೋದೆ.

ಅಲ್ಲಿಯ ಡಾಕ್ಟರಮ್ಮ ನಮ್ಮ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಕಿವಿಯ ಹಿಂದೆ ಪೆನ್ನು, ಕಾಲಲ್ಲಿ ರಬ್ಬರಿನ ಚಪ್ಪಲಿ, ಕೇಳುವ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ರಕ್ತ ತೆಗೆಸಿದಳು, ಎದೆಯ ಫೋಟೋ ತೆಗೆಸಿದಳು, ಮಲಗಿಸಿಕೊಂಡಳು. ಆ ದಿನ ಹಾಗೆ ಕಳೆಯಿತು. ಮರುದಿನ ಬೆಳಿಗ್ಗೆ ಅವನು ಮಲಗಿದಲ್ಲೇ ಏಣಿ ಹತ್ತಿದವನಂತೆ ಏದುಸಿರು ಬಿಡುತ್ತಿದ್ದ, ಉಗುರು ನೇರಳೆಯ ಬಣ್ಣಕ್ಕೆ ತಿರುಗಿತ್ತು. ಅಷ್ಟು ಹೊತ್ತಿಗೆ ಇಲಿಯ ವಿಷಯ ಬಂತು. ನಾನು ಶೆಡ್ಡು, ಒಣ ಪೊರಕೆ, ಮುಚ್ಚಿದ ಬಾಗಿಲು ಎಲ್ಲ ಹೇಳಿದೆ. ಅವಳು ಪೆನ್ನು ಕೆಳಗಿಟ್ಟು, "ನೀವು ಎಲ್ಲಿದ್ರಿ?" ಎಂದಳು. ಹೊರಗೆ ಎಂದೆ. "ಅದಕ್ಕೇ ನೀವು ನಿಂತಿದ್ದೀರಿ" ಎಂದು ಹೇಳಿ ಆಂಬುಲೆನ್ಸಿಗೆ ಫೋನು ಮಾಡಲು ಎದ್ದಳು.

ಅವಳು ಆಂಬುಲೆನ್ಸಿನ ತನಕ ಗಾಲಿಮಂಚದ ಪಕ್ಕ ನಡೆಯುತ್ತಲೇ ಬಿಡಿಸಿ ಹೇಳಿದ್ದು ಇಷ್ಟು. ಕಾಡಿನ, ಹೊಲದ ಕೆಲವು ಜಾತಿಯ ಇಲಿಗಳ ಮೈಯಲ್ಲಿ ಒಂದು ವೈರಸ್ ಇರುತ್ತದೆ. ಇಲಿಗೆ ಅದರಿಂದ ಏನೂ ಆಗುವುದಿಲ್ಲ, ತಿಂದುಂಡು ಮರಿ ಹಾಕಿಕೊಂಡು ಸುಖವಾಗಿರುತ್ತದೆ. ಅದರ ಉಚ್ಚೆಯಲ್ಲಿ, ಹಿಕ್ಕೆಯಲ್ಲಿ, ಜೊಲ್ಲಿನಲ್ಲಿ ವೈರಸ್ ಹೊರಗೆ ಬರುತ್ತದೆ. ಒಣಗಿದ್ದನ್ನು ಗುಡಿಸಿದರೆ ಧೂಳಾಗಿ ಎದ್ದು, ಉಸಿರಾಡಿದವನ ಎದೆಗೆ ಹೋಗುತ್ತದೆ. ಕಚ್ಚಬೇಕಾಗಿಲ್ಲ, ಮುಟ್ಟಬೇಕಾಗಿಯೂ ಇಲ್ಲ. ಎರಡು ಮೂರು ವಾರ, ಒಮ್ಮೊಮ್ಮೆ ಇನ್ನೂ ಹೆಚ್ಚು ದಿನ, ಸುಮ್ಮನಿದ್ದು ಆಮೇಲೆ ಏಳುತ್ತದೆ. ಮೊದಲು ಮಾಮೂಲಿ ಜ್ವರದ ವೇಷ, ಆಮೇಲೆ ಒಂದೇ ದಿನದಲ್ಲಿ ಶ್ವಾಸಕೋಶಕ್ಕೆ ನೀರು. ಕೊಲ್ಲುವ ಮದ್ದು ಇಲ್ಲ. "ದೊಡ್ಡ ಆಸ್ಪತ್ರೆಯಲ್ಲಿ ಉಸಿರು ಹಿಡಿದು ನಿಲ್ಲಿಸ್ತಾರೆ, ಉಳಿದದ್ದು ಅವರ ಮೈಯೇ ಮಾಡ್ಬೇಕು" ಎಂದಳು. ಒಬ್ಬರಿಂದ ಒಬ್ಬರಿಗೆ ಈ ಜಾತಿಯದು ಹರಡುವುದಿಲ್ಲವಂತೆ, ನೀನು ಗಾಬರಿಯಾಗಿ ನನ್ನನ್ನು ಅಂಗಳದಲ್ಲಿ ಮಲಗಿಸಬೇಕಾಗಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಒಂದು ಫಾರಂ ಕೊಟ್ಟರು. 'ರೋಗಿಗೆ ಸಂಬಂಧ' ಎಂಬ ಜಾಗದಲ್ಲಿ 'ಹೆಂಡತಿಯ ತಮ್ಮ' ಎಂದು ಬರೆದೆ. ಬರೆದದ್ದನ್ನು ನೋಡಿದರೆ ಯಾರೋ ದೂರದವನ ಬಗ್ಗೆ ಬರೆದ ಹಾಗಿತ್ತು. ಹೊಡೆದು ಹಾಕಿ 'ತಮ್ಮ' ಎಂದು ಬರೆದೆ. ಹದಿನೆಂಟು ವರ್ಷ ಒಂದೇ ಗಾಡಿಯಲ್ಲಿ ಕೂತು, ಒಂದೇ ಡಬ್ಬಿಯಲ್ಲಿ ಉಂಡವನು, ಅಷ್ಟು ಬದಲಾವಣೆಗೆ ನಿನ್ನ ಒಪ್ಪಿಗೆ ಇರುತ್ತದೆ ಅಂದುಕೊಂಡೆ. ಆಮೇಲೆ ನರ್ಸಮ್ಮ ಬಂದು, "ಮೀಸೆ ಇದ್ದರೆ ಮಾಸ್ಕ್ ಕೂರಲ್ಲ, ಗಾಳಿ ಸೋರುತ್ತೆ, ತೆಗೀಲಾ?" ಎಂದು ಕೇಳಿದರು. ಅವನಿಗೆ ಇನ್ನೂ ಎಚ್ಚರವಿತ್ತು. ಕಣ್ಣಲ್ಲೇ ನನ್ನನ್ನು ಕೇಳಿದ. "ಬೆಳೆಯುತ್ತೆ ಕಣಪ್ಪ" ಎಂದೆ. ನರ್ಸಮ್ಮ ಎರಡು ನಿಮಿಷದಲ್ಲಿ ಇಪ್ಪತ್ತು ವರ್ಷದ ಬೆಳೆ ಕೊಯ್ದರು. ಮೀಸೆಯಿಲ್ಲದ ಆ ಮುಖ ನಮ್ಮ ಮದುವೆಯ ಫೋಟೋದಲ್ಲಿ ನಿನ್ನ ಪಕ್ಕ ನಿಂತಿದ್ದಾನಲ್ಲ, ಹಲ್ಲು ಕಿರಿದುಕೊಂಡು, ಆ ಹುಡುಗನ ಮುಖ. ಅದು ಮೀಸೆಯಡಿ ಇನ್ನೂ ಹಾಗೇ ಇದೆ ಎಂದು ನನಗೆ ಗೊತ್ತಿರಲಿಲ್ಲ. ಆ ಸಂಜೆ ಮಾಸ್ಕೂ ಸಾಲದೆ ಗಂಟಲಿಗೆ ಕೊಳವೆ ಹಾಕಿದರು.

ನಾಲ್ಕು ದಿನ ಗಾಜಿನ ಈಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಸಾಲಿನಲ್ಲಿ ಹನ್ನೆರಡು ಕುರ್ಚಿ, ಏಳನೆಯದರ ಕಾಲು ಕುಂಟು. ದಿನಕ್ಕೆ ಎರಡು ಸಲ ಡಾಕ್ಟರು ಹೊರಬಂದು ಒಂದು ಅಂಕಿ ಹೇಳುವರು, ಯಂತ್ರದಿಂದ ಎಷ್ಟು ಪಾಲು ಆಮ್ಲಜನಕ ಕೊಡುತ್ತಿದ್ದೇವೆ ಎಂದು. ತೊಂಬತ್ತು, ತೊಂಬತ್ತು, ಎಂಬತ್ತೈದು, ಮತ್ತೆ ತೊಂಬತ್ತು. ಜನ್ಮದಲ್ಲಿ ಅಂಕಿ ಏರಲಿ ಎಂದೇ ಆಸೆಪಟ್ಟವನು ನಾನು. ಇಳಿಯಲಿ ಎಂದು ಹಾರೈಸುವುದನ್ನು ಆ ಕುರ್ಚಿಯಲ್ಲಿ ಕಲಿತೆ. ನಾಲ್ಕನೇ ದಿನ ಐವತ್ತಕ್ಕೆ ಬಂತು, ಐದನೇ ಬೆಳಿಗ್ಗೆ ಕೊಳವೆ ತೆಗೆದರು. ದನಿ ಒಡೆದು ಹೋಗಿತ್ತು. ಮೂಗಿನ ಕೆಳಗೆ ಕೈಯಾಡಿಸಿ ನೋಡಿಕೊಂಡು ಅವನಾಡಿದ ಮೊದಲ ಮಾತು, "ಭಾವ, ಕೂಲಿ ಎಷ್ಟು ತಗೊಂಡ್ರು?"

ಅವನು ಅಲ್ಲಿರುವಾಗ ಆರೋಗ್ಯ ಇಲಾಖೆಯಿಂದ ಒಬ್ಬರು ಮನೆಗೆ ಬಂದರು. ಹಿರಿಯರು, ದಪ್ಪ ಕನ್ನಡಕ, ಚೀಲದ ತುಂಬ ಸಣ್ಣ ಸಣ್ಣ ಬೋನು. ಇಲಿ ಹಿಡಿಯುವುದೇ ಅವರ ನೌಕರಿ. ಎರಡು ದಿನದಲ್ಲಿ ಹನ್ನೊಂದು ಹಿಡಿದರು, ಅದರಲ್ಲಿ ಮೂರರ ರಕ್ತದಲ್ಲಿ ವೈರಸ್ಸಿನ ಗುರುತು ಸಿಕ್ಕಿತು. ಒಂದನ್ನು ಬೋನಿನ ಸಮೇತ ದೂರದಿಂದ ತೋರಿಸಿದರು. ಕಂದು ಬೆನ್ನು, ಬಿಳಿ ಹೊಟ್ಟೆ, ದೊಡ್ಡ ಕಿವಿ, ಕಣ್ಣು ಎರಡು ಕರಿಮಣಿಯಂತೆ. ನಮ್ಮ ಮನೆಯ ಇಲಿಗಿಂತ ಲಕ್ಷಣವಾಗಿದೆ ಎಂದೆ. "ಅದರ ತಪ್ಪೇನೂ ಇಲ್ಲ" ಎಂದರು ಅವರು, ನೊಂದುಕೊಂಡವರ ಹಾಗೆ. ಹಿಂದಿನ ವರ್ಷಗಳಲ್ಲಿ ಹೇಗೆ ಶುಚಿ ಮಾಡುತ್ತಿದ್ದಿರಿ ಎಂದು ಕೇಳಿದರು. ನೀನು ಮಾಡುತ್ತಿದ್ದುದನ್ನು ಹೇಳಿದೆ: ಬಾಗಿಲು ತೆರೆದು ಅರ್ಧ ಗಂಟೆ, ಬ್ಲೀಚಿಂಗ್ ನೀರು, ನೆನೆಯಲು ಬಿಡುವುದು, ಕೈಗವಸು, ಒದ್ದೆ ಬಟ್ಟೆ, ಚೀಲ ಕಟ್ಟುವುದು, ಬಿಸಿಲು. ಬರೆದುಕೊಳ್ಳುತ್ತಿದ್ದವರು ತಲೆಯೆತ್ತಿ, "ನಿಮ್ಮನೆಯವರು ನಮ್ಮ ಇಲಾಖೆಯಲ್ಲಿ ಇದ್ರಾ?" ಎಂದರು. ಇಲ್ಲ ಸಾರ್, ಅವಳಿಗೆ ಮೂಗು ಸ್ವಲ್ಪ ಚುರುಕು ಎಂದೆ. ಅವರು ಚೀಲದಿಂದ ಒಂದು ಅಚ್ಚಾದ ಹಾಳೆ ತೆಗೆದು ಕೊಟ್ಟರು. ಓದಿದೆ. ನಿನ್ನ ಒಂಬತ್ತು ಬೆಳಗನ್ನು ಯಾರೋ ಕಿಟಕಿಯಿಂದ ನೋಡಿ ಬರೆದುಕೊಂಡ ಹಾಗಿತ್ತು.

ಹದಿನೆಂಟು ವರ್ಷ. ಪ್ರತಿ ವರ್ಷ ಆ ಶೆಡ್ಡಿನಲ್ಲಿ ಇಲಿ ಇತ್ತು, ಪ್ರತಿ ವರ್ಷ ನೀನು ಒಳಗೆ ಹೋದೆ, ಪ್ರತಿ ವರ್ಷ ನಾವು ಮೂವರೂ ನೆಟ್ಟಗಿದ್ದೆವು. ನಾನು ಆ ಒಂಬತ್ತು ಬೆಳಗನ್ನು ದಂಡ ಎಂದು ಬರೆದಿಟ್ಟವನು. ನೀನು ಹೆದರಿ ಮಾಡಲಿಲ್ಲ, ತಿಳಿದೂ ಮಾಡಲಿಲ್ಲ, ಹೊಲಸು ಕಂಡರೆ ಆಗದು ಎಂದು ಮಾಡಿದೆ. ಅದಕ್ಕೆ ನಾನು ಯಾವತ್ತೂ ಬೆಲೆ ಕಟ್ಟಲಿಲ್ಲ. ಈಗ ಕಟ್ಟಲು ಕೂತರೆ ನನ್ನಿಂದ ಆಗುತ್ತಿಲ್ಲ.

ಇಪ್ಪತ್ತೆರಡು ಪೆಟ್ಟಿಗೆಗಳು ಇಲಿ ಕಡಿದು, ಉಚ್ಚೆಯಲ್ಲಿ ನೆನೆದು ಹಾಳಾಗಿದ್ದವು, ಸುಡಿಸಿದರು. ಉಳಿದ ನಲವತ್ತನ್ನು ತೋಟಗಳಿಂದ ವಾಪಸು ತರಿಸಿ, ಹುಳುಗಳನ್ನು ಹೊಸ ಪೆಟ್ಟಿಗೆಗೆ ಇಳಿಸಿ, ಶೆಡ್ಡಿನ ಸಮೇತ ನಿನ್ನ ಪದ್ಧತಿಯಲ್ಲೇ ನಾನೊಬ್ಬನೇ ಶುಚಿ ಮಾಡಿದೆ. ಹನ್ನೊಂದು ಬೆಳಗು ಹಿಡಿಯಿತು. ಒಂಬತ್ತಕ್ಕೆ ಮುಗಿಸುವ ಕೈ ನನಗಿಲ್ಲ. ತೋಟದವರಿಗೆಲ್ಲ ನಾನೇ ಹೋಗಿ ವಿಷಯ ತಿಳಿಸಿದೆ, ನಿಮ್ಮ ಪಂಪ್‌ಹೌಸು, ಗೊಬ್ಬರದ ಕೋಣೆ ಗುಡಿಸುವಾಗ ಹೀಗೆ ಹೀಗೆ ಮಾಡಿ ಎಂದು. ಇಬ್ಬರು ಬಾಗಿಲಲ್ಲೇ ಕೈಮುಗಿದು ಈ ವರ್ಷ ಪೆಟ್ಟಿಗೆ ಬೇಡ ಎಂದರು. ಬೇಕರಿಯವನು ನಿನ್ನ ತಮ್ಮನ ಆರೋಗ್ಯವನ್ನು ಬಹಳ ವಿಚಾರಿಸಿ, ಎರಡು ಬನ್ನು ಕಟ್ಟಿಕೊಟ್ಟು, ಜೇನು ಬೇರೆ ಕಡೆ ಹೇಳಿದ್ದೇನೆ ಎಂದ. ಜೇನಿನಲ್ಲಿ ಏನೂ ಇಲ್ಲ ಎಂದು ಇಲಾಖೆಯವರು ಬರೆದುಕೊಟ್ಟ ಕಾಗದ ತೋರಿಸಿದೆ. ಓದಿ ಮಡಿಸಿ ವಾಪಸು ಕೊಟ್ಟ. ಹೊಳೆಯಾಚೆಯ ತೋಟದ ಪಂಪ್‌ಹೌಸಿನವನು ಮಾತ್ರ ನನ್ನ ಮಾತು ಕೇಳಿ ಅದೇ ಸಂಜೆ ಮೈ ಬಿಸಿಯಾಯಿತೆಂದು ಆಸ್ಪತ್ರೆಗೆ ಓಡಿದ. ಡಾಕ್ಟರಮ್ಮ ಎರಡು ದಿನ ಇಟ್ಟುಕೊಂಡು ನೋಡಿ, ಇದು ಬರೀ ನೆಗಡಿ, ಆದರೂ ಬಂದದ್ದು ಒಳ್ಳೆಯದಾಯಿತು ಎಂದು ಕಳಿಸಿದಳಂತೆ.

ಈಗ ನಿನ್ನ ತಮ್ಮ ಗೇಟಿನ ತನಕ ಹೋಗಿ ಬರುತ್ತಾನೆ. ನಡುವೆ ಒಂದು ಸಲ ಕಲ್ಲಿನ ಮೇಲೆ ಕೂರುತ್ತಾನೆ. ಮೆಟ್ಟಿಲು ಹತ್ತುವಾಗ ಮಾತಾಡುವುದಿಲ್ಲ. ಅವನು ಮಾತಾಡದ ಜಾಗವೂ ಈ ಮನೆಯಲ್ಲಿ ಒಂದು ಆಯಿತು. ಪೂರ್ತಿ ಚೇತರಿಕೆಗೆ ತಿಂಗಳುಗಳೇ ಬೇಕು, ಪೂರ್ತಿ ಎಂಬುದು ಎಷ್ಟು ಎಂದು ಈಗಲೇ ಹೇಳಲಾಗದು ಎಂದಿದ್ದಾರೆ. ಹಸಿವು ಚೆನ್ನಾಗಿದೆ. ಮೂಗಿನ ಕೆಳಗೆ ಇರುವೆ ಸಾಲಿನಷ್ಟು ಬೆಳೆದಿದೆ, ದಿನಾ ಕನ್ನಡಿ ನೋಡಿ ಅಳೆಯುತ್ತಾನೆ.

ಈ ಕಾಗದವನ್ನು ಅವನು ಓದಿದ್ದಾನೆ. ಎರಡು ಕಡೆ ತಪ್ಪು ತಿದ್ದಿ, ಬಿಸ್ಕತ್ತಿನ ವಿಷಯ ತೆಗೆಯಬೇಕೆಂದು ಜಗಳವಾಡಿ, "ಸಾಕು ಭಾವ, ಅಂಟಿಸಿ" ಎಂದಿದ್ದಾನೆ. ಅಕ್ಕನಿಗೆ ನಮಸ್ಕಾರ, ಕೂಸಿಗೆ ಮುತ್ತು, ಅದಕ್ಕೆ ಮೀಸೆ ಮಾಮನ ಹೆಸರು ಹೇಳಿಕೊಡಲು ಆರು ತಿಂಗಳು ತಡೆಯಬೇಕು ಎಂದು ಬರೆಯಲು ಹೇಳಿದ. ಮಗಳಿಗೆ ಅಪ್ಪನ ಆಶೀರ್ವಾದ. ಅಳಿಯನಿಗೆ ಬಕೆಟ್ಟು.

ನಿನ್ನವನೇ,
ಗ್ಯಾಸು ತಿರುಗಿಸಿ ಮಲಗುವವನು

ಮರೆತ ಮಾತು: ಇದನ್ನು ಅಂಚೆ ಕಚೇರಿಯ ಕಟ್ಟೆಯ ಮೇಲೆ, ದಾರ ಕಟ್ಟಿದ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಮರೆತದ್ದೂ ಅಲ್ಲ. ನಿನ್ನ ತಮ್ಮ ಮನೆಯಲ್ಲಿದ್ದಾನೆ, ಇದನ್ನು ಅವನು ಓದಿಲ್ಲ, ಓದಿದರೆ ಹರಿದು ಹಾಕುತ್ತಾನೆ. "ಅದೊಂದು ಅಕ್ಕನಿಗೆ ಬರೀಬೇಡಿ ಭಾವ, ಅವಳು ನಿಮ್ಮನ್ನ ಬಿಡಲ್ಲ" ಎಂದು ಮೂರು ಸಲ ಹೇಳಿದ್ದಾನೆ.

ಪೇಟೆಯ ಆಸ್ಪತ್ರೆಯಲ್ಲಿ ಆ ದಿನ ಹಾಗೆ ಕಳೆಯಿತು ಎಂದು ಮೇಲೆ ಬರೆದದ್ದು ಸುಳ್ಳು. ಡಾಕ್ಟರಮ್ಮ ಬಂದ ಮೊದಲ ಗಂಟೆಯಲ್ಲೇ ಕೇಳಿದಳು, "ಕಳೆದ ಒಂದೂವರೆ ತಿಂಗಳಲ್ಲಿ ಇಲಿ ಇರೋ ಜಾಗ ಗುಡಿಸಿದ್ರಾ? ಉಗ್ರಾಣ, ಶೆಡ್ಡು? ಯೋಚಿಸಿ ಹೇಳಿ, ಇದು ಮುಖ್ಯ." ಪಕ್ಕದ ಮಂಚದಲ್ಲಿ ಬೇಕರಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಹೆಂಗಸಿನ ತಾಯಿ ಮಲಗಿದ್ದರು, ಅವಳು ಅಲ್ಲೇ ಸ್ಟೂಲಿನ ಮೇಲೆ ಕಿವಿ ತೆರೆದು ಕೂತಿದ್ದಳು. ಮರುದಿನ ಬೇಕರಿಯವನು ಜೇನಿನ ಮಾತಿಗೆ ಬರುವುದಿತ್ತು. ನಾನು ನಕ್ಕು ಹೇಳಿದೆ, "ಇಲಿಯಾ? ನಮ್ಮ ಶೆಡ್ಡಲ್ಲಾ? ನೆಲದ ಮೇಲೆ ಊಟ ಬಡಿಸಬಹುದು ಡಾಕ್ಟ್ರೇ, ಅಷ್ಟು ಚೊಕ್ಕ." ಡಾಕ್ಟರಮ್ಮ ನಿನ್ನ ತಮ್ಮನ ಕಡೆ ತಿರುಗಿದಳು. ಅವನು ನನ್ನ ಮುಖ ನೋಡಿದ. "ಭಾವ ಹೇಳಿದ ಮೇಲೆ ಮುಗೀತು. ಇಲಿ ಇಲ್ಲ" ಎಂದ. ಅವಳು ಬರೆದುಕೊಂಡು ಹೋದಳು. ಮರುದಿನ ಬೆಳಿಗ್ಗೆ ಉಗುರು ನೇರಳೆಯಾದಾಗ ಮತ್ತೆ ಬಂದು ಅದನ್ನೇ ಕೇಳಿದಳು. ಮಾತಾಡಲು ಉಸಿರಿಲ್ಲದವನು, ನಾನು ಬಾಯಿ ತೆರೆಯುವ ಮೊದಲೇ, ಇಲ್ಲ ಎಂದು ತಲೆಯಾಡಿಸಿದ. ನನ್ನ ಮಾತು ಉಳಿಸಲು. ಆಗ ಹೇಳಿದೆ, ಆ ಹೆಂಗಸು ಕೇಳುತ್ತಿದ್ದಂತೆಯೇ ಹೇಳಿದೆ.

ಒಂದು ದಿನ ಮೊದಲು ಬಂದಿದ್ದರೆ ಗಂಟಲಿಗೆ ಕೊಳವೆ ಬೇಕಾಗುತ್ತಿರಲಿಲ್ಲವೇ ಎಂದು ದೊಡ್ಡ ಆಸ್ಪತ್ರೆಯಲ್ಲಿ ಕೇಳಿದೆ. "ಹೇಳಲಾಗದು, ಬೇಕಾಗದೆ ಇರಬಹುದಿತ್ತು" ಎಂದರು. ಅಷ್ಟೇ ಗೊತ್ತಿರುವುದು, ಅದನ್ನು ಹೆಚ್ಚೂ ಮಾಡದೆ ಕಡಿಮೆಯೂ ಮಾಡದೆ ಬರೆದಿದ್ದೇನೆ. ಅವನು ಮನ್ನಿಸಿದ್ದಾನೆ, ಅವನು ಮನ್ನಿಸುವ ಜಾತಿ. ನೀನು ಮನ್ನಿಸಬೇಕೆಂದು ಕೇಳುತ್ತಿಲ್ಲ. ಕೂಸಿಗೆ ತಿಂಗಳು ತುಂಬುವ ತನಕ ಅಲ್ಲಿರುವಿಯೋ, ಈಗಲೇ ಬರುವಿಯೋ, ಬಂದು ಯಾವ ಕೋಣೆಯಲ್ಲಿ ಇರುವಿಯೋ, ಎಲ್ಲ ನಿನಗೆ ಬಿಟ್ಟದ್ದು. ಅಂಚೆಪೆಟ್ಟಿಗೆಯವನು ಬೀಗ ತೆಗೆಯುತ್ತಿದ್ದಾನೆ, ಮುಗಿಸುತ್ತೇನೆ.

ಯಾರಿಗೆ ಏನು ಸಿಕ್ಕಿತು ಎಂದರೆ ಇಷ್ಟು. ಇಲಾಖೆಯವರಿಗೆ ಹನ್ನೊಂದು ಇಲಿ. ಪಂಪ್‌ಹೌಸಿನವನಿಗೆ ಎರಡು ದಿನ ರಜೆ. ಬೇಕರಿಯವನಿಗೆ ಬೇರೆಯವರ ಜೇನು. ನಿನಗೆ ತಮ್ಮ, ಮೊದಲಿನ ಮುಕ್ಕಾಲು ಉಸಿರಿನಲ್ಲಿ. ನನಗೆ, ಆ ಗಲ್ಲಾಪೆಟ್ಟಿಗೆಯ ಹೆಂಗಸಿನ ಎದುರು, ಒಂದು ದಿನದ ಮರ್ಯಾದೆ.